ಪ್ರಬಂಧವಿದ್ದ ಜಾಗದಲ್ಲಿ ಚಪ್ಪಲಿ

ಕಾಲೇಜು ಸಭಾಂಗಣದ ದೊಡ್ಡ ಪರದೆಯ ಮೇಲೆ ಹೆಂಗಸರ ಚಪ್ಪಲಿಗಳು ಮೂಡಿಬಂದಾಗ ಲಿಫ್ಟಣ್ಣ ಪರದೆಗೆ ಬೆನ್ನು ಹಾಕಿ ಮೈಕಿನಲ್ಲಿ ಇನ್ನೂ ಹೇಳುತ್ತಲೇ ಇದ್ದ. "ನೋಡಿ, ಇದೇ ನಮ್ಮ ಮನೆಯವರು ಬರೆದ ಪ್ರಬಂಧ. ಪಾಸ್‌ವರ್ಡ್ ಬೇಡ, ಕಾಸು ಬೇಡ. ಯಾರು ಬೇಕಾದ್ರೂ ನೋಡಬಹುದು."

ಎಲ್ಲರೂ ನೋಡಿದರು. ಎತ್ತರದ ಹಿಮ್ಮಡಿಯವು, ಬಕಲ್ ಇದ್ದವು, ಎರಡು ಜೊತೆ ಕೊಂಡರೆ ಮೂರನೆಯದು ಉಚಿತ. ಮುಂದಿನ ಸಾಲಿನ ಹುಡುಗಿಯೊಬ್ಬಳು ದುಪಟ್ಟಾ ಬಾಯಿಗೆ ಒತ್ತಿಕೊಂಡಳು. ಲಿಫ್ಟಣ್ಣ ತಿರುಗಿ ನೋಡಿ, ತಪ್ಪು ತನ್ನ ಬೆರಳಿನದೇ ಎಂದುಕೊಂಡು ಮತ್ತೊಮ್ಮೆ ಒತ್ತಿದ. "ನಿಮ್ಮ ಕಾಲಿನ ಅಳತೆ ಆರಿಸಿ" ಎಂದಿತು ಪರದೆ.

ಗ್ರಂಥಪಾಲಕಿ ಓಡಿಬಂದು ಪ್ರೊಜೆಕ್ಟರಿನ ವೈರನ್ನೇ ಕಿತ್ತರು.

ಅವನ ಹೆಂಡತಿ ತೀರಿಕೊಂಡು ವರ್ಷ ತುಂಬಿತೆಂದು ಕಾಲೇಜು ಕರೆದಿದ್ದ ಸಭೆ ಅದು. ಆಕೆ ಅಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದವರು, ಎಲ್ಲರಿಗೂ ಮೇಡಂ. ಅವನು ಲಿಫ್ಟ್ ರಿಪೇರಿಯವನು, ಬದುಕಿನ ಏರಿಳಿತಗಳನ್ನು ಸಂಬಳಕ್ಕೆ ಕಂಡವನು, ಎಲ್ಲರಿಗೂ ಲಿಫ್ಟಣ್ಣ. ಜನರ ಬಾಯಲ್ಲಿ ಆಕೆ ಬಹುವಚನ, ಅವನು ಏಕವಚನ. "ಇಬ್ಬರಿಗೂ ಸೇರಿಸಿ ಸರಾಸರಿ ತೆಗೆದ್ರೆ ನಮ್ಮನೆ ಮರ್ಯಾದೆ ಚೆನ್ನಾಗೇ ಇದೆ" ಎನ್ನುತ್ತಿದ್ದ.

ಮೇಡಂಗೆ ಬಸವನಹುಳುಗಳ ಹುಚ್ಚು. ಹಿತ್ತಲಿನ ಗೋಡೆಯ ಹುಳುಗಳಿಗೆ ಒಂದೊಂದಕ್ಕೆ ಒಂದೊಂದು ಬಣ್ಣದ ಉಗುರುಬಣ್ಣದ ಚುಕ್ಕೆ ಇಟ್ಟು, ಅವನ್ನು ದೂರ ಬಿಟ್ಟರೆ ಮನೆಗೆ ಮರಳುತ್ತವೆಯೇ ಎಂದು ನೋಡುತ್ತಿದ್ದರು. ಹೊತ್ತು ಬಿಡುವ ಕೆಲಸ ಗಂಡನದು. ಊಟದ ಡಬ್ಬಿಯ ಮೇಲಿನ ಅರೆಯಲ್ಲಿ ಹುಳು, ಕೆಳಗಿನದರಲ್ಲಿ ಊಟ. ಬೀದಿಯ ತುದಿಯಲ್ಲಿ, ಬಸ್ ನಿಲ್ದಾಣದ ಹಿಂದೆ, ಆಸ್ಪತ್ರೆಯ ಕಾಂಪೌಂಡಿನಲ್ಲಿ ಇಳಿಸಿ ಕೆಲಸಕ್ಕೆ ಹೋಗುತ್ತಿದ್ದ.

"ರೀ, ಕೆಂಪು ಚುಕ್ಕೆ ವಾಪಸ್ ಬಂತು!" ಎಂದು ಮೇಡಂ ಹಿತ್ತಲಿನಿಂದ ಕೂಗುವರು.

"ಬರದೆ ಏನು? ನಾನೂ ದಿನಾ ಬರ್ತೀನಲ್ಲ. ನಂಗ್ಯಾಕೆ ಒಂದಿನಾನೂ ಹೀಗೆ ಕೂಗಿಲ್ಲ?"

"ನಿಮಗೆ ಚುಕ್ಕೆ ಇಟ್ಟಿಲ್ಲವಲ್ಲ, ಗುರುತು ಸಿಗಲ್ಲ."

ವರ್ಷಗಟ್ಟಲೆ ಹೀಗೆ ನಡೆದು ಆ ಪ್ರಬಂಧವಾಯಿತು. ಹೆಸರಾಂತ ಪತ್ರಿಕೆಯೊಂದು ಅಚ್ಚು ಹಾಕಲು ಒಪ್ಪಿತ್ತು. ಆದರೆ ಓದುವವರು ದುಡ್ಡು ಕೊಡಬೇಕು. ಕಾಲೇಜಿಗೆ ಆ ಪತ್ರಿಕೆ ತರಿಸುವ ತಾಕತ್ತಿಲ್ಲ. "ನನ್ನ ಕ್ಲಾಸಿನ ಮಕ್ಕಳೇ ಓದೋಕಾಗದ್ದನ್ನ ಯಾರಿಗೋಸ್ಕರ ಬರೀಲಿ?" ಎಂದ ಮೇಡಂ ಅದನ್ನು ವಾಪಸ್ ತೆಗೆದುಕೊಂಡು, ನಿವೃತ್ತ ಪ್ರೊಫೆಸರೊಬ್ಬರು ತಮ್ಮ ಮನೆಯಿಂದಲೇ ಅಂತರ್ಜಾಲದಲ್ಲಿ ನಡೆಸುತ್ತಿದ್ದ ಪುಟ್ಟ ಮುಕ್ತ ಪತ್ರಿಕೆಗೆ ಕೊಟ್ಟರು. ಬರೆಯುವವರಿಗೂ ಖರ್ಚಿಲ್ಲ, ಓದುವವರಿಗೂ ಖರ್ಚಿಲ್ಲ. ಮೇಡಂ ಬರೆದದ್ದು ಅದೊಂದೇ ಪ್ರಬಂಧ. ಮಕ್ಕಳಿಲ್ಲದ ಮನೆಯಲ್ಲಿ ಅದಕ್ಕೇ ಮುದ್ದು. ಲಿಫ್ಟಣ್ಣ ಮಹಡಿ ಮಹಡಿಗೂ ಸುದ್ದಿ ಹಂಚಿದ. ಕೆಟ್ಟ ಲಿಫ್ಟಿನಲ್ಲಿ ಸಿಕ್ಕಿಕೊಂಡವರಿಗೂ ಬಾಗಿಲಿನ ಸಂದಿಯಿಂದಲೇ ಹೇಳಿದ್ದುಂಟು. ಪಾಪ, ಅವರು ಓಡಿಹೋಗುವಂತಿರಲಿಲ್ಲ.

ಚಪ್ಪಲಿಯ ಮೂಲವನ್ನು ಗ್ರಂಥಪಾಲಕಿ ಎರಡೇ ದಿನದಲ್ಲಿ ಪತ್ತೆ ಮಾಡಿದರು. ಆ ಪ್ರೊಫೆಸರೂ ತೀರಿಕೊಂಡಿದ್ದರು. ಜಾಲತಾಣದ ವಿಳಾಸಕ್ಕೆ ವರ್ಷವರ್ಷ ಬಾಡಿಗೆ ಕಟ್ಟಬೇಕೆಂಬುದು ಅವರ ಮನೆಯವರಿಗೆ ಗೊತ್ತಿರಲಿಲ್ಲ. ವಾಯಿದೆ ಮೀರಿದ ವಿಳಾಸವನ್ನು ಚಪ್ಪಲಿಯವರು ಕೊಂಡುಕೊಂಡರು. ವಿದ್ವಾಂಸರ ಹೆಜ್ಜೆಗುರುತು ಎನ್ನುತ್ತಾರಲ್ಲ, ಅಲ್ಲಿ ಈಗ ಪಾದರಕ್ಷೆ ಮಾತ್ರ ಉಳಿದಿತ್ತು.

"ಬೇರೆ ಕಡೆ ಎಲ್ಲಾದ್ರೂ ಇರುತ್ತಲ್ಲಮ್ಮ? ಅಷ್ಟು ದೊಡ್ಡ ದೊಡ್ಡ ಲೈಬ್ರರಿಗಳಿವೆ" ಎಂದ ಲಿಫ್ಟಣ್ಣ. ಆ ಪ್ರಬಂಧ ಮತ್ತೆ ಸಿಗಬೇಕು, ಯಾರು ಬೇಕಾದರೂ ತೆರೆದು ಮೇಡಂ ಹೆಸರು ಓದುವಂತಿರಬೇಕು. ಅವನಿಗೆ ಬೇಕಾದದ್ದು ಅಷ್ಟೇ.

"ದುಡ್ಡು ಕೊಟ್ಟು ತರಿಸಿದ್ದನ್ನ ಅವರು ಬೀಗ ಹಾಕಿ ಕಾಯ್ತಾರೆ ಅಣ್ಣ. ದೊಡ್ಡ ಮುಕ್ತ ಪತ್ರಿಕೆಗಳೂ ನಾಲ್ಕು ಕಡೆ ಪ್ರತಿ ಇಟ್ಟಿರ್ತಾವೆ. ಇದು ಒಬ್ಬರ ಮನೆ ಪತ್ರಿಕೆ. ಯಾವಾಗಲೂ ತೆರೆದೇ ಇರುತ್ತಲ್ಲ ಅಂತ ಯಾರೂ ಎತ್ತಿಡಲಿಲ್ಲ. ನಾನೂ ಇಟ್ಟಿಲ್ಲ" ಎಂದರು ಗ್ರಂಥಪಾಲಕಿ.

"ಊರೆಲ್ಲರ ಹಸು, ಹುಲ್ಲು ಹಾಕೋರು ಯಾರೂ ಇಲ್ಲ ಅನ್ನಿ."

ಹಳೆಯ ಜಾಲತಾಣಗಳನ್ನು ಕೂಡಿಡುವ ತಾಣವೊಂದರಲ್ಲಿ ಆ ಪತ್ರಿಕೆಯ ಪರಿವಿಡಿ ಮಾತ್ರ ಸಿಕ್ಕಿತು. ಮೇಡಂ ಹೆಸರು ಅಲ್ಲಿತ್ತು. ಒತ್ತಿದರೆ ಮುಂದೆ ಏನೂ ಇಲ್ಲ. ಲಿಫ್ಟಣ್ಣ ಅದನ್ನು ಮತ್ತೆ ಮತ್ತೆ ಒತ್ತಿದ, ಬಾರದ ಲಿಫ್ಟಿನ ಗುಂಡಿಯನ್ನು ಜನ ಒತ್ತುವ ಹಾಗೆ. ಹಾಗೆ ಒತ್ತಿದರೆ ಉಪಯೋಗವಿಲ್ಲವೆಂದು ಜನರಿಗೆ ಬೈಯುತ್ತಿದ್ದವನು ಅವನೇ.

ಮೇಡಂ ಬಳಸುತ್ತಿದ್ದ ಕಾಲೇಜಿನ ಕಂಪ್ಯೂಟರನ್ನು ಒಳಗಿದ್ದದ್ದನ್ನೆಲ್ಲ ಅಳಿಸಿ ಹೊಸ ಉಪನ್ಯಾಸಕರಿಗೆ ಕೊಟ್ಟಾಗಿತ್ತು. ಅವರ ಟಿಪ್ಪಣಿಗಳು? ಗ್ರಂಥಪಾಲಕಿ ಕೇಳಿದಾಗ ಲಿಫ್ಟಣ್ಣ ಕಿಟಕಿಯ ಕಡೆ ತಿರುಗಿದ. ಮೇಡಂ ಹೋದ ಮೇಲೆ, ಟಿಪ್ಪಣಿಗಳಿದ್ದ ಬೀರು ತೆರೆದಾಗಲೆಲ್ಲ ಆಕೆಯ ಕೈಬರಹ ಎದೆಗೆ ಬಂದು ತಾಕುತ್ತಿತ್ತು. ತಾಳಲಾರದೆ ಒಂದು ದಿನ ಎಲ್ಲವನ್ನೂ ಹಳೇ ಪೇಪರಿನವನಿಗೆ ಹಾಕಿಬಿಟ್ಟಿದ್ದ. "ನೆಟ್‌ನಲ್ಲಿ ಇದೆಯಲ್ಲ ಅಂದ್ಕೊಂಡೆ" ಎಂದ.

ಆದರೂ ಗ್ರಂಥಪಾಲಕಿ ಬಿಡಲಿಲ್ಲ. ದೂರದ ವಿಜ್ಞಾನಿಯೊಬ್ಬರು ತಮ್ಮ ಪ್ರಬಂಧದ ಅಡಿಟಿಪ್ಪಣಿಯಲ್ಲಿ ಮೇಡಂ ಹೆಸರು ಹೇಳಿದ್ದು ಸಿಕ್ಕಿತು. ಅದು ದುಡ್ಡು ಕೊಟ್ಟು ಓದುವ ಪತ್ರಿಕೆ, ಭದ್ರವಾಗಿತ್ತು. ಅವರಿಗೆ ಬರೆದರು. ವಾರದೊಳಗೆ ಉತ್ತರ ಬಂತು. ಗ್ರಂಥಪಾಲಕಿ ಲಿಫ್ಟಣ್ಣನನ್ನು ಕರೆಸಿ, ಓದುವ ಕೋಣೆಯ ಉದ್ದ ಮೇಜಿನ ಎದುರು ಕೂರಿಸಿ, ಓದಿ ಹೇಳಿದರು.

ವಿಜ್ಞಾನಿಯೂ ಅದನ್ನು ಪರದೆಯ ಮೇಲೆಯೇ ಓದಿದವರು, ಪ್ರತಿ ಇಟ್ಟುಕೊಂಡಿರಲಿಲ್ಲ. ಅಂಕಿಅಂಶಗಳೂ ನೆನಪಿಲ್ಲವಂತೆ. "ಆದರೆ ಕೊನೆಯ ಪುಟ ಮರೆತಿಲ್ಲ" ಎಂದು ಬರೆದಿದ್ದರು. "ಹುಳುಗಳನ್ನು ಹೊತ್ತೊಯ್ದು ಬಿಡುತ್ತಿದ್ದ ತಮ್ಮ ಗಂಡನ ಬಗ್ಗೆ ಅಲ್ಲಿ ಒಂದಷ್ಟು ಸಾಲು ಬರೆದಿದ್ದರು. ವಿಜ್ಞಾನದ ಪ್ರಬಂಧದಲ್ಲಿ ಅಂಥದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಮಾತುಗಳು ಈಗ ನೆನಪಿಗೆ ಬರುತ್ತಿಲ್ಲ. ಆ ಪುಣ್ಯಾತ್ಮರು ಇದ್ದರೆ ಅವರನ್ನೇ ಕೇಳಿ. ಅವರಿಗೆ ಬಾಯಿಪಾಠವೇ ಆಗಿರುತ್ತದೆ."

ಲಿಫ್ಟಣ್ಣ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ. ಒರೆಸುತ್ತಲೇ ಇದ್ದ.

ಗ್ರಂಥಪಾಲಕಿ ಬಿಳಿ ಹಾಳೆಯೊಂದನ್ನು ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. "ಆ ಪುಟ ಒಂದಾದ್ರೂ ಉಳಿಸಿಕೊಳ್ಳೋಣ ಅಣ್ಣ. ನಿಧಾನಕ್ಕೆ ಹೇಳಿ, ಬರ್ಕೋತೀನಿ. ನಿಮ್ಮ ಬಗ್ಗೆ ಮೇಡಂ ಏನಂತ ಬರೆದಿದ್ರು?"

"ಗೊತ್ತಿಲ್ಲಮ್ಮ" ಎಂದ ಲಿಫ್ಟಣ್ಣ. "ನಾನು ಓದಿಲ್ಲ. ಯಾವಾಗ ಬೇಕಾದ್ರೂ ಓದಬಹುದಿತ್ತಲ್ಲ, ರಿಟೈರ್ ಆದ್ಮೇಲೆ ಓದೋಣ ಅಂತಿದ್ದೆ."