ಎರಡನೇ ಬ್ರೇಕಿನ ವಿಮಾನ

ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ನಾಚಿಕೆಯಾಗುವ ಸಂಗತಿಯೊಂದನ್ನು ನಿಮಗೆ ಮಾತ್ರ ಹೇಳುತ್ತೇನೆ. ಬಾಗಲಕೋಟೆಯ ನವನಗರದಲ್ಲಿ ಮೂವತ್ತು ವರ್ಷಗಳಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿರುವ ನನಗೆ, ಐವತ್ತೆಂಟನೆಯ ವಯಸ್ಸಿನಲ್ಲಿ, ಎಡ ಯಾವುದು ಬಲ ಯಾವುದು ಎನ್ನುವುದು ತಿಳಿಯದಾಗಿದೆ. ಊಟಕ್ಕೆ ಕೂತಾಗ ತಿಳಿಯುತ್ತದೆ. ಕಾರಿನಲ್ಲಿ ಕೂತಾಗಲೂ ತಿಳಿಯುತ್ತದೆ. ಕೈಯಲ್ಲಿ ರಿಮೋಟ್ ಹಿಡಿದು ನಿಂತಾಗ, ನಾನೇ ಹಾರಿಸಿದ ಪುಟ್ಟ ವಿಮಾನ ತಿರುಗಿ ನನ್ನ ಕಡೆಗೇ ಬರತೊಡಗಿದರೆ ಮಾತ್ರ ತಿಳಿಯುವುದಿಲ್ಲ.

ವಿಮಾನ ನಮ್ಮಿಂದ ದೂರ ಹೋಗುವಾಗ ಯಾವ ತಕರಾರೂ ಇಲ್ಲ. ಅದರ ಬಲವೇ ನಮ್ಮ ಬಲ. ಎದುರಿಗೆ ಬರುವಾಗ ಲೋಕವೇ ತಿರುಗಾಮುರುಗಾ. ಬಲಕ್ಕೆ ಹೊರಳಲಿ ಎಂದು ರಿಮೋಟಿನ ಕಡ್ಡಿಯನ್ನು ಬಲಕ್ಕೆ ಒತ್ತಿದರೆ ಅದು ನಮ್ಮ ಎಡಕ್ಕೆ ಹೊರಳುತ್ತದೆ. ಗಾಬರಿಯಾಗಿ ಇನ್ನಷ್ಟು ಒತ್ತಿದರೆ ಇನ್ನಷ್ಟು ಹೊರಳುತ್ತದೆ. ಆಮೇಲೆ ಒತ್ತಿದರೂ ಒಂದೇ, ಬಿಟ್ಟರೂ ಒಂದೇ.

ಈ ಹುಚ್ಚು ಹತ್ತಿಸಿದವರು ಶಾಹಿನ್ ಟೀಚರ್. ತವರು ಬಾಗಲಕೋಟೆ, ಕೊಟ್ಟ ಮನೆ ಇಳಕಲ್, ಕೆಲಸ ಹುನಗುಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವುದು. ಮಕ್ಕಳಿಗೆ ತೋರಿಸಲೆಂದು ಥರ್ಮೋಕೋಲಿನಲ್ಲಿ ವಿಮಾನ ಮಾಡಿ, ಮಕ್ಕಳು ಮರೆತ ಮೇಲೂ ತಾವು ಬಿಡದೆ ಹಾರಿಸುತ್ತಿರುವವರು. ಭಾನುವಾರ ತವರಿಗೆ ಬಂದಾಗ, ಆಲಮಟ್ಟಿಯ ಹಿನ್ನೀರು ಬೇಸಿಗೆಯಲ್ಲಿ ಸರಿದು ಬಿಟ್ಟುಹೋದ ಬಯಲಿನಲ್ಲಿ ಹಾರಿಸುತ್ತಾರೆ. ಒಂದು ಭಾನುವಾರ ನಾನು ಅದೇ ಬಯಲಿನಲ್ಲಿ ಒಬ್ಬರಿಗೆ ರಿವರ್ಸ್ ಕಲಿಸುತ್ತಿದ್ದೆ. ತಲೆಯ ಮೇಲೆ ವಿಮಾನ ಹಾದುಹೋಯಿತು. ಕಲಿಯುವವರು ಮೇಲೆ ನೋಡಿದರು, ನಾನೂ ಮೇಲೆ ನೋಡಿದೆ, ಕಾರು ಮಾತ್ರ ಹಿಂದೆ ಹೋಗಿ ಜಾಲಿಕಂಟಿಯ ಮುಳ್ಳಿನಲ್ಲಿ ಕೂತಿತು. ಮೂವತ್ತು ವರ್ಷದಲ್ಲಿ ನನ್ನ ಕಾಲು ಬ್ರೇಕನ್ನು ಮರೆತದ್ದು ಅದೊಂದೇ ಸಲ.

ಆ ಬ್ರೇಕಿನ ವಿಷಯ ಹೇಳಲೇಬೇಕು. ನಮ್ಮ ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕಾಲಡಿಯೂ ಒಂದು ಬ್ರೇಕು ಇರುತ್ತದೆ. ಅದು ಗುರುವಿನದು. ಹದಿನೈದು ವರ್ಷಗಳ ಹಿಂದೆ ಇದೇ ಶಾಹಿನ್ ನನ್ನಲ್ಲಿ ಕಾರು ಕಲಿಯಲು ಬಂದಿದ್ದರು. ಒಂದು ದಿನ ಬಾದಾಮಿಯವರೆಗೆ ಓಡಿಸಲಿ ಎಂದು ಕರೆದುಕೊಂಡು ಹೊರಟೆ. ಅಂದು ಕೆರೂರಿನ ಸಂತೆ ಎನ್ನುವುದು ನನಗೆ ನೆನಪಿರಲಿಲ್ಲ. ಸಂತೆಯ ನಡುವೆ ಹುಡುಗಿ ಗಾಬರಿಯಾಗಿ ಕಾಲನ್ನು ಎಲ್ಲಿ ಇಡಬಾರದೋ ಅಲ್ಲಿ ಇಟ್ಟಳು. ಕಾರು ಮೆಣಸಿನಕಾಯಿ ರಾಶಿಯ ಕಡೆಗೆ ನುಗ್ಗಿತು. ನನ್ನ ಕಾಲು ತಾನಾಗಿ ಒತ್ತಿತು. ರಾಶಿಗೆ ಒಂದು ಗೇಣು ಉಳಿದಿರುವಾಗ ಕಾರು ನಿಂತಿತು. ರಾಶಿಯ ಹಿಂದೆ ಕೂತಿದ್ದ ಅಜ್ಜಿ ಅಲುಗಾಡಲೂ ಇಲ್ಲ, ನಮ್ಮನ್ನು ನೋಡಿ, "ಎಷ್ಟು ತೂಗ್ಲೆವ್ವಾ?" ಎಂದು ಕೇಳಿದಳು.

ಹುಡುಗಿ ಎರಡೂ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಇನ್ನು ಜನ್ಮದಲ್ಲಿ ಸ್ಟೇರಿಂಗ್ ಮುಟ್ಟುವುದಿಲ್ಲ ಎನ್ನುವ ಮುಖ. ನಾನು ಕಿಟಕಿಯ ಹೊರಗೆ ನೋಡುತ್ತ, "ಬ್ರೇಕ್ ಭಾಳ ಚೊಲೋ ಹಾಕಿದ್ರಿ ನೋಡ್ರಿ" ಎಂದೆ. "ನಾ ಹಾಕಿದ್ನೇನ್ರಿ ಸರ್?" ಎಂದಳು. "ಮತ್ತ ಯಾರ್ರಿ?" ಎಂದೆ. ಅಲ್ಲಿಂದ ಬಾದಾಮಿಯವರೆಗೆ ಅವಳೇ ಓಡಿಸಿದಳು. ಇದನ್ನು ಸುಳ್ಳು ಎಂದು ಕರೆಯಲು ನನಗೆ ಮನಸ್ಸಿಲ್ಲ. ಪೆಟ್ರೋಲ್ ಬಿಟ್ಟರೆ ನಮ್ಮ ಡ್ರೈವಿಂಗ್ ಸ್ಕೂಲ್ ಓಡುವುದೇ ಇದರ ಮೇಲೆ.

ಈಗ ಆಕೆ ಗುರು, ನಾನು ಶಿಷ್ಯ. ವಿಮಾನ ಆರಿಸುವಾಗಲೇ ಗುರುವಿನ ಮಾತು ಮೀರಿದೆ. "ಸರ್, ಮೊದಲ ಮ್ಯಾಲ ರೆಕ್ಕಿ ಇರೋದು ತಗೋರಿ. ಕೈ ಬಿಟ್ರೂ ತಾನ ನೆಟ್ಟಗಾಗ್ತೈತಿ. ಕೆಳಗ ರೆಕ್ಕಿ ಇರೋದು ಹಂಗಲ್ಲ, ವಾಲಿತಂದ್ರ ನೀವ ಎಬ್ಬಸಬೇಕು" ಎಂದು ಬಿಡಿಸಿ ಹೇಳಿದ್ದರು. ಆದರೆ ಆನ್‌ಲೈನ್ ಅಂಗಡಿಯಲ್ಲಿ ಮೇಲೆ ರೆಕ್ಕೆ ಇರುವ ಕಲಿಕೆಯ ವಿಮಾನ ನೋಡಲು ಛತ್ರಿ ಹಿಡಿದ ಮುದುಕನಂತಿತ್ತು. ಪಕ್ಕದಲ್ಲೇ ಇನ್ನೊಂದಿತ್ತು: ಕೆಂಪು ಮೈ, ಹಳದಿ ಪಟ್ಟಿ, ಹೊಟ್ಟೆಯ ಕೆಳಗೆ ರೆಕ್ಕೆ. ವಿಡಿಯೋದಲ್ಲಿ ಅದು ಅಂಗಾತ ಮಲಗಿ ಹಾರುತ್ತಿತ್ತು. ಅಪ್ಪನ ದೊಡ್ಡ ಹೊಸ ಗಾಡಿಯಲ್ಲೇ ಕಲಿಯುತ್ತೇನೆಂದು ಬರುವ ಹುಡುಗರಿಗೆ ದಿನವೂ ಬುದ್ಧಿ ಹೇಳುವ ನಾನು ಕೆಂಪನ್ನೇ ತರಿಸಿದೆ. ಹೆಂಡತಿ ಗಿರಿಜಾ ಡಬ್ಬಿಯ ಮೇಲಿನ ಚಿತ್ರ ನೋಡಿ, "ಮಂದಿಗೆಲ್ಲಾ ಹಳೇ ಕಾರು, ನಿಮಗ ಮಾತ್ರ ಸರ್ಕಸ್ ವಿಮಾನ ಬೇಕಾಗಿತ್ತೇನ್ರಿ?" ಎಂದಳು.

ಚಳಿಗಾಲದಲ್ಲಿ ಒಂದು ದಿನ ಟೀಚರಿಗೆ ತಿಳಿಸದೆ ಶಿರೂರಿನ ಕಡೆಗೆ ಹೋಗಿ ಒಬ್ಬನೇ ಹಾರಿಸಿದೆ. ಡಬ್ಬಿ ಬಿಚ್ಚಲು ಹಿಡಿದಷ್ಟು ಹೊತ್ತೂ ಅದು ಆಕಾಶದಲ್ಲಿರಲಿಲ್ಲ. ಅಂಗಾತವಾದದ್ದು ನಿಜ, ಮತ್ತೆ ಬೋರಲಾಗಲಿಲ್ಲ. ಆಳೆತ್ತರದ ಜೋಳದೊಳಗೆ ಮಾಯವಾಯಿತು. ಹೊಲದ ಯಜಮಾನರು ಬೈಯುತ್ತಾರೆಂದುಕೊಂಡರೆ, ಪಾಪ, ಅರ್ಧ ತಾಸು ನನ್ನ ಜೊತೆ ಹುಡುಕಿದರು. ಅವರಿಗೆ ಮೂತಿ ಸಿಕ್ಕಿತು, ನನಗೆ ಬಾಲ. "ಉಳಿದದ್ದು ಜ್ವಾಳ ಕೊಯ್ಯುವಾಗ ಸಿಗ್ತೈತಿ ತಗೋರಿ, ಕಳಸ್ತೇನಿ" ಎಂದು ಸಮಾಧಾನ ಹೇಳಿದರು. ಹೇಳಿದಂತೆ ಕಳಿಸಿದರು ಕೂಡ, ಗೊಬ್ಬರದ ಚೀಲದಲ್ಲಿ ಕಟ್ಟಿ.

ಆ ವಾರ ಮನಸ್ಸು ಸರಿಯಿಲ್ಲದೆ ಬಾದಾಮಿಗೆ ಹೋಗಿದ್ದೆ. ಅಲ್ಲಿ ವಿಮಾನ ಹಾರಿಸುವ ಮಾತೇ ಇಲ್ಲ. ಸ್ಮಾರಕ ಕಾಯುವವರು ಬಿಡುವುದಿಲ್ಲ, ಅವರು ಬಿಟ್ಟರೂ ಮಂಗಗಳು ಬಿಡುವುದಿಲ್ಲ. ಗುಹೆಯೊಳಗೆ ಕತ್ತೆತ್ತಿ ನೋಡಿದರೆ ಕಲ್ಲಿನ ಗಂಧರ್ವ ದಂಪತಿಗಳು ಹಾಯಾಗಿ ಹಾರುತ್ತಿದ್ದಾರೆ. ರೆಕ್ಕೆ ಮೇಲೂ ಇಲ್ಲ, ಕೆಳಗೂ ಇಲ್ಲ, ರೆಕ್ಕೆಯೇ ಇಲ್ಲ. ಮೊಣಕಾಲು ಮಡಚಿ, ಉತ್ತರೀಯ ಹಿಂದಕ್ಕೆ ಬಿಟ್ಟುಬಿಟ್ಟರೆ ಆಯಿತು. ಇಷ್ಟು ಶತಮಾನ ಹಾರಿದರೂ ಒಬ್ಬರೂ ಬಿದ್ದಿಲ್ಲವಲ್ಲ ಎಂದು ಹೊಟ್ಟೆಕಿಚ್ಚುಪಟ್ಟೆ. ಆಮೇಲೆ ಹೊಳೆಯಿತು: ಅವರು ಇನ್ನೂ ಇಳಿದೂ ಇಲ್ಲ. ಇಳಿಯುವುದೇ ಕಷ್ಟ. ಮನೆಗೆ ಬಂದವನೇ ಛತ್ರಿ ಹಿಡಿದ ಮುದುಕನನ್ನು ತರಿಸಿದೆ.

ಮುಂದಿನ ಬೇಸಿಗೆಯ ಭಾನುವಾರಗಳಲ್ಲಿ ಹಿನ್ನೀರಿನ ಬಯಲಿನಲ್ಲಿ ಪಾಠ ಶುರುವಾಯಿತು. ಇದರಲ್ಲೂ ಎರಡು ಬ್ರೇಕು! ಗುರುವಿನ ಕೈಯಲ್ಲಿ ಒಂದು ರಿಮೋಟ್, ಶಿಷ್ಯನ ಕೈಯಲ್ಲಿ ಒಂದು, ನಡುವೆ ಒಂದು ವೈರು. ಗುರು ಒಂದು ಗುಂಡಿ ಒತ್ತಿ ಹಿಡಿದಿರುವತನಕ ವಿಮಾನ ಶಿಷ್ಯನದು. ಬೆರಳು ಸಡಿಲಿಸಿದರೆ ಗುರುವಿನದು. ಇದನ್ನು ಕೇಳಿ ನನಗೆ ತವರಿಗೆ ಬಂದಷ್ಟು ಖುಷಿಯಾಯಿತು. "ಎದುರಿಗೆ ಬರಾಕತ್ತಿದಾಗ ಎಡ ಬಲ ವಿಚಾರ ಮಾಡಬ್ಯಾಡ್ರಿ ಸರ್. ಯಾವ ರೆಕ್ಕಿ ಕೆಳಗ ಬಾಗೇತೋ ಆ ಕಡೆನ ಕಡ್ಡಿ ಒತ್ರಿ, ಎದ್ದು ನಿಲ್ತೈತಿ" ಎಂದು ಟೀಚರ್ ಕಲಿಸಿದರು. ತಲೆಗೆ ಹತ್ತಿತು, ಬೆರಳಿಗೆ ಇಳಿಯಲಿಲ್ಲ. ಪ್ರತಿ ವಾರ ಚೆನ್ನಾಗಿ ಹಾರಿಸುತ್ತಿದ್ದೆ, ಇಳಿಸಲು ವಿಮಾನ ನನ್ನತ್ತ ತಿರುಗಿದ ಕೂಡಲೇ "ಟೀಚರ್, ತಗೋರಿ ತಗೋರಿ!" ಎಂದು ಕೂಗಿಬಿಡುತ್ತಿದ್ದೆ. ಅವರು ತೆಗೆದುಕೊಂಡು ಹಗುರಾಗಿ ಇಳಿಸುತ್ತಿದ್ದರು.

ನೀವು ನಗಬಹುದು. ನನಗೆ ಮಾತ್ರ ಇದು ಹಾಸ್ಯವಾಗಿರಲಿಲ್ಲ. ಒಂದೇ ಒಂದು ಸಲ ನನ್ನ ಕೈಯಿಂದಲೇ ಇಳಿಯಬೇಕು ಎನ್ನುವ ಆಸೆ ಊಟದಲ್ಲಿ, ನಿದ್ದೆಯಲ್ಲಿ ಕಾಡುತ್ತಿತ್ತು. ಮುಂಗಾರು ಸಮೀಪಿಸುತ್ತಿತ್ತು. ಹಿನ್ನೀರು ಏರಿದರೆ ಆ ಬಯಲು ಮುಂದಿನ ಬೇಸಿಗೆಯವರೆಗೆ ನೀರಿನಡಿ. ಕೊನೆಯ ಭಾನುವಾರ ಗಿರಿಜಾ ಬೇರೆ ಹೋಳಿಗೆಯ ಡಬ್ಬಿ ಹಿಡಿದು ನೋಡಲು ಬಂದಳು.

ನಾಲ್ಕು ಸುತ್ತು ಹಾರಿಸಿದೆ. ಐದನೆಯದಕ್ಕೆ ಗಾಳಿಗೆ ಎದುರಾಗಿ ತಿರುಗಿಸಿ, ವೇಗ ಇಳಿಸಿದೆ. ವಿಮಾನ ನನ್ನತ್ತ ಬರತೊಡಗಿತು. "ತಗೋರಿ" ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು; ಗಿರಿಜಾ ನೋಡುತ್ತಿದ್ದಳೆಂದು ನುಂಗಿದೆ. ನೆಲಕ್ಕೆ ಇನ್ನೇನು ಆಳೆತ್ತರ ಇರುವಾಗ ಒಂದು ರೆಕ್ಕೆ ವಾಲಿತು. ಎಡವೋ ಬಲವೋ ದೇವರೇ ಬಲ್ಲ. ನಾನು ಕಣ್ಣು ಮುಚ್ಚಿದೆನೋ ಏನೋ, ಅದೂ ನೆನಪಿಲ್ಲ. ರೆಕ್ಕೆ ಮೆಲ್ಲನೆ ಎದ್ದಿತು, ಗಾಲಿ ನೆಲ ಮುಟ್ಟಿತು, ವಿಮಾನ ಓಡುತ್ತ ಬಂದು ನನ್ನ ಚಪ್ಪಲಿಯ ಹತ್ತಿರ ನಿಂತಿತು.

ಗಿರಿಜಾ ಚಪ್ಪಾಳೆ ತಟ್ಟಿದಳು. "ಭಾಳ ಚೊಲೋ ಇಳಿಸಿದ್ರಿ ನೋಡ್ರಿ ಸರ್" ಎಂದರು ಟೀಚರ್, ಹಿನ್ನೀರಿನ ಕಡೆಗೆ ನೋಡುತ್ತ. ಆ ಮಾತನ್ನು ನಾನು ಎಲ್ಲಿಯೋ ಕೇಳಿದ್ದೆ, ಆ ನೋಟವನ್ನೂ ಬಲ್ಲೆ. ಗಿರಿಜಾ ಡಬ್ಬಿ ಬಿಚ್ಚಲು ಅತ್ತ ಹೋದಾಗ ತಡೆಯಲಾರದೆ ಕೇಳಿಯೇಬಿಟ್ಟೆ.

"ಟೀಚರ್, ಖರೆ ಹೇಳ್ರಿ. ಕಡೀಕ ರೆಕ್ಕಿ ಎತ್ತಿದ್ದು ನಾನೋ, ನೀವೋ?"

ಅವರು ವೈರು ಸುತ್ತುತ್ತಲೇ ಇದ್ದರು. "ಸರ್, ಅವತ್ತ ಕೆರೂರ ಸಂತ್ಯಾಗ ಬ್ರೇಕ್ ಹಾಕಿದ್ದು ನಾನೋ, ನೀವೋ?"

ಹದಿನೈದು ವರ್ಷ ಈಕೆಗೆ ಗೊತ್ತಿತ್ತು! ಬಗ್ಗಿ ವಿಮಾನವನ್ನು ಎತ್ತಿಕೊಂಡೆ.

"ನೀವರಿ" ಎಂದೆ.

"ಹಂಗಾರ ಇದನ್ನ ಇಳಿಸಿದವ್ರೂ ನೀವರಿ, ಸರ್."

ಅಷ್ಟರಲ್ಲಿ ಗಿರಿಜಾ ತಟ್ಟೆ ತಂದಳು. ವಿಮಾನ ಇಳಿಸಿದ ಗಂಡನೆಂದು ನನಗೊಂದು ಹೋಳಿಗೆ ಹೆಚ್ಚು ಹಾಕಿದ್ದಳು. ನಾನು ಅದನ್ನೂ ತಿಂದೆ.