ಬಾಯಿಗೆ ಬಾರದ ಅಂಗಡಿಯ ಹೆಸರು

ಹೋದ ವರ್ಷ ಮಳೆಗಾಲ ಹಿಡಿಯುವುದಕ್ಕೆ ಸ್ವಲ್ಪ ಮೊದಲು ನಡೆದದ್ದು ಇದು. ಮಕ್ಕಳೇ, ನೀವಿಬ್ಬರೂ ಆಗ ರಜೆಯಲ್ಲಿ ಬೆಳ್ತಂಗಡಿಯಲ್ಲಿ, ನಿಮ್ಮ ಅಮ್ಮನ ತವರುಮನೆಯಲ್ಲಿ ಇದ್ದಿರಿ. ಹಾಗಾಗಿ ನಿಮಗೆ ಗೊತ್ತಿಲ್ಲ. ಎದುರು ಕೂತು ಹೇಳುವುದಕ್ಕೆ ನನಗೆ ಸಂಕೋಚ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮ ಮನೆ ಬಂಟ್ವಾಳದ ಹತ್ತಿರ, ನರಿಕೊಂಬಿನಲ್ಲಿ. ಹಲಸಿನ ಹಪ್ಪಳ ಮಾಡುವುದು ನನ್ನ ಕೆಲಸ. ನಿಮ್ಮ ಅಜ್ಜ ಇರುವಾಗ ಹಪ್ಪಳವನ್ನು ಡಬ್ಬಿಯಲ್ಲಿ ತುಂಬಿಸಿ, ಬಸ್ಸಿನಲ್ಲಿ ಮೂಡುಬಿದಿರೆಗೆ ಕೊಂಡುಹೋಗಿ ಅಲ್ಲಿಯ ಅಂಗಡಿಗಳಿಗೆ ಕೊಟ್ಟು ಬರುತ್ತಿದ್ದರು. ಅವರು ತೀರಿಹೋದ ಮೇಲೆ ಕೊಂಡುಹೋಗುವವರು ಯಾರೂ ಇರಲಿಲ್ಲ. ನಿಮ್ಮ ಅಪ್ಪ ನವೀನನಿಗೆ ಬೆಳಗ್ಗಿನಿಂದ ರಾತ್ರಿಯವರೆಗೆ ಆಟೋ ಓಡಿಸುವ ಕೆಲಸ. ನನಗೋ ಅಂಗಡಿಯವರ ಹತ್ತಿರ ವ್ಯವಹಾರ ಮಾತಾಡಲು ನಾಲಗೆ ಏಳುವುದಿಲ್ಲ. ಆಗ ನಿಮ್ಮ ಅಮ್ಮ ಹರಿಣಾಕ್ಷಿ ಒಂದು ಉಪಾಯ ಮಾಡಿದಳು.

"ಮಾಮಿ, ನೀವು ಎಲ್ಲಿಗೂ ಹೋಗುವುದು ಬೇಡ, ಯಾರ ಹತ್ತಿರವೂ ಮಾತಾಡುವುದೂ ಬೇಡ. ಫೋನಿನಲ್ಲೇ ಅಂಗಡಿ ಇಡುವ" ಎಂದಳು.

ಆನ್‌ಲೈನ್ ಕಂಪೆನಿಯೊಂದರಲ್ಲಿ ಖಾತೆ ತೆರೆದದ್ದು ನನ್ನ ಹೆಸರಿನಲ್ಲಿ. ಅಂಗಡಿಗೆ ಮಾತ್ರ ಅಜ್ಜನ ಹೆಸರಿಟ್ಟಳು, 'ಕಾಂತಪ್ಪಣ್ಣನ ಹಪ್ಪಳ' ಎಂದು. ಮೂಡುಬಿದಿರೆಯ ಅಂಗಡಿಯವರು ಹಾಗೆಯೇ ಹೇಳುತ್ತಿದ್ದರಂತೆ. ಪ್ಯಾಕೆಟ್ಟಿಗೆ ಅಂಟಿಸುವ ಚೀಟಿಯಲ್ಲಿ ಆ ಹೆಸರು ಅಚ್ಚಾಗಿ ಬಂದ ದಿನ ನನಗೆ ಅಡುಗೆಮನೆಗೆ ಹೋಗಿ ಕಣ್ಣು ಒರೆಸಿಕೊಳ್ಳಬೇಕಾಯಿತು.

ವ್ಯಾಪಾರ ಚೆನ್ನಾಗಿಯೇ ಹೋಯಿತು. ನೆರೆಮನೆಯ ಬೀಫಾತುಮ್ಮ ಹಪ್ಪಳ ಒತ್ತಲು ಬರತೊಡಗಿದಳು. ನಾವು ಒತ್ತಿದ ಹಪ್ಪಳ ಮುಂಬಯಿಗೆ, ಬೆಂಗಳೂರಿಗೆ ಹೋಗುತ್ತಿತ್ತು. ಆದರೆ ಆ ಕಂಪೆನಿಯವರದ್ದು ಒಂದು ಅಭ್ಯಾಸ. ನಾವು ಒಂದು ನಿಯಮಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಒಮ್ಮೆ ಎಲ್ಲ ಫೋಟೋಗಳ ಹಿಂದೆ ಬಿಳಿ ಬಣ್ಣವೇ ಇರಬೇಕು ಎಂದರು. ನಿಮ್ಮ ಅಜ್ಜನ ಬಿಳಿ ಮುಂಡು ಹಾಸಿ ಫೋಟೋ ತೆಗೆದೆವು. ಇನ್ನೊಮ್ಮೆ, ಮುರಿದ ಹಪ್ಪಳ ಸಿಕ್ಕಿತೆಂದು ಯಾರಾದರೂ ದೂರಿದರೆ ಪೂರ್ತಿ ಹಣ ವಾಪಸು ಎಂದರು. ದಾರಿಯಲ್ಲಿ ಎತ್ತಿ ಎಸೆಯುವವರು ಅವರು, ಮುರಿದದ್ದಕ್ಕೆ ಹೊಣೆ ನಾವು! ನೆರಿಯ ಎಂಬ ಊರಿನಲ್ಲಿ ಜೇನು ಮಾರುವ ಒಬ್ಬರ ಅಂಗಡಿ ಹೀಗೆಯೇ ಒಂದು ನಿಯಮ ಬದಲಾದಾಗ ಮುಚ್ಚಿಹೋಯಿತು. ಏಕೆ ಎಂದು ಕೇಳಲು ಅವರಿಗೆ ಒಬ್ಬ ಮನುಷ್ಯನೂ ಸಿಗಲಿಲ್ಲವಂತೆ. ಅದನ್ನು ಕೇಳಿದಂದಿನಿಂದ ಫೋನು 'ಟಿಂಗ್' ಎಂದರೆ ಒತ್ತುವುದನ್ನು ಬಿಟ್ಟು ಓಡಿಹೋಗಿ ನೋಡುತ್ತಿದ್ದೆ.

ಹೋದ ವರ್ಷ ಬಂದ ನಿಯಮ ಹೀಗಿತ್ತು. ಬೇರೆಯವರ ಹೆಸರಿನಲ್ಲಿ ಖಾತೆ ನಡೆಸುವವರು ಹೆಚ್ಚಾಗಿದ್ದಾರಂತೆ. ಅದಕ್ಕೆ ಇನ್ನು ಮುಂದೆ ಪ್ರತಿಯೊಬ್ಬ ಮಾರಾಟಗಾರರೂ ವೀಡಿಯೋ ಕರೆಯಲ್ಲಿ ಬರಬೇಕು, ಮುಖ ತೋರಿಸಬೇಕು, ಮಾಡುವ ಜಾಗ ತೋರಿಸಬೇಕು. ತಮ್ಮ ಹೆಸರು, ಅಂಗಡಿಯ ಹೆಸರು ಎರಡನ್ನೂ ತಾವೇ ಬಾಯಿಬಿಟ್ಟು ಹೇಳಬೇಕು. ಅಲ್ಲಿಯವರೆಗೆ ಆರ್ಡರ್ ಬಂದ್. ಬೇಸಗೆಯಿಡೀ ನಾನು, ಬೀಫಾತುಮ್ಮ ಒತ್ತಿ ಒಣಗಿಸಿದ ಹಪ್ಪಳವೆಲ್ಲ ಡಬ್ಬಿಗಳಲ್ಲಿ ತುಂಬಿ ಕೂತಿತ್ತು. ಮಳೆಗಾಲದಲ್ಲೇ ಹಪ್ಪಳ ಖರ್ಚಾಗುವುದು. ಆಗ ಅಂಗಡಿ ಮುಚ್ಚಿದರೆ ನಮ್ಮಿಬ್ಬರ ವರ್ಷದ ದುಡಿಮೆ ಹೋದಂತೆಯೇ.

ಹರಿಣಾಕ್ಷಿಗೆ ಇದು ದೊಡ್ಡ ವಿಷಯ ಅನ್ನಿಸಲಿಲ್ಲ. "ಎರಡು ನಿಮಿಷದ ಕೆಲಸ ಮಾಮಿ" ಎಂದಳು. ನನಗೂ ಆಗ ಹೊಳೆಯಲಿಲ್ಲ. ಮುಖ ತೋರಿಸುವ ನಾಚಿಕೆಯೊಂದೇ ತಲೆಯಲ್ಲಿತ್ತು.

ಒಂದು ಮಾತು ನಿಮಗೆ ಹೇಳಬೇಕು. ನಮ್ಮ ಕಾಲದ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ. ಹೇಳಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ನನ್ನ ಅಮ್ಮ ಮದುವೆಗೆ ಮುಂಚೆಯೇ ಹೇಳಿಕೊಟ್ಟಿದ್ದಳು. ಬರೆಯಲು ಅಡ್ಡಿಯಿಲ್ಲ. ರೇಷನ್ ಅಂಗಡಿಯಲ್ಲಿ ಹೆಸರು ಕೇಳಿದರೆ ಕಾರ್ಡು ಮುಂದೆ ಚಾಚುತ್ತಿದ್ದೆ. ನಿಮ್ಮ ಅಜ್ಜನನ್ನು ಆಸ್ಪತ್ರೆಗೆ ಸೇರಿಸಿದಾಗ ಹೆಸರು ಕೇಳಿದವರಿಗೆ ಕಾಗದದಲ್ಲಿ ಬರೆದು ತೋರಿಸಿದೆ. ಎಲ್ಲರಿಗೂ ಅರ್ಥವಾಗುತ್ತಿತ್ತು, ಯಾರೂ ಒತ್ತಾಯ ಮಾಡುತ್ತಿರಲಿಲ್ಲ.

ಕರೆ ಬರುವ ದಿನ ಹರಿಣಾಕ್ಷಿ ಸೊಸೈಟಿಯ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿದಳು. ಜಗಲಿಯಲ್ಲಿ ಫೋನನ್ನು ಡಬ್ಬಿಗೆ ಒರಗಿಸಿಟ್ಟು, ಬೇರೆ ಯಾರೂ ಕಾಣಬಾರದೆಂದು ಬಾಗಿಲ ಹಿಂದೆ ನಿಂತಳು. ಪರದೆಯಲ್ಲಿ ಬಂದವಳು ಒಬ್ಬ ಹುಡುಗಿ. ಮಾತಿನಲ್ಲೇ ಹುಬ್ಬಳ್ಳಿ ಕಡೆಯವಳೆಂದು ಗೊತ್ತಾಗುತ್ತಿತ್ತು.

"ನಮಸ್ಕಾರ್ರೀ ಅಮ್ಮಾ. ನಿಮ್ಮ ಹೆಸರು?"

"ಗಿರಿಜಾ."

"ಹಪ್ಪಳ ಎಲ್ಲಿ ಮಾಡ್ತೀರಿ, ತೋರಸ್ರಿ."

ಹಪ್ಪಳ ಒತ್ತುವ ಮಣೆ ತೋರಿಸಿದೆ. ಅವಳು ಚೆಂದ ಉಂಟೆಂಬಂತೆ ತಲೆಯಾಡಿಸಿದಳು. "ಅಂಗಡಿ ಹೆಸರು ಹೇಳ್ರಿ."

ಆಗ ನನಗೆ ಹೊಳೆಯಿತು. ಬಾಯಿ ತೆರೆದೆ, ಸ್ವರ ಹೊರಡಲಿಲ್ಲ.

"ಅಮ್ಮಾ, ಕೇಳಸ್ತದೇನ್ರೀ?"

"ಕೇಳ್ತದೆ."

"ಅಂಗಡಿ ಹೆಸರು?"

"ನವೀನನ ಅಪ್ಪನ ಹೆಸರು."

"ನವೀನ ಯಾರ್ರೀ?"

"ನನ್ನ ಮಗ."

"ಅಂದ್ರ ಅಂಗಡಿ ಹೆಸರು ನವೀನ ಅಂತೇನು?"

"ಅಲ್ಲ ಅಲ್ಲ. ಅವನ ಅಪ್ಪನದ್ದು."

ನಾನು ಹಪ್ಪಳದ ಪ್ಯಾಕೆಟ್ ಎತ್ತಿ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದೆ. "ತೋರಿಸಿದ್ರ ನಡಿಯಂಗಿಲ್ರೀ, ಬಾಯ್ಲೆ ಹೇಳಬೇಕು" ಎಂದಳು ಆ ಹುಡುಗಿ. ಬಾಗಿಲ ಹಿಂದಿನಿಂದ ಹರಿಣಾಕ್ಷಿಗೆ ತಡೆಯಲಾಗಲಿಲ್ಲ. "ಕಾಂತಪ್ಪಣ್ಣನ ಹಪ್ಪಳ, ಮೇಡಂ!" ಎಂದು ಕೂಗಿಯೇಬಿಟ್ಟಳು.

"ಯಾರದು? ಬ್ಯಾರೆಯವರು ಹೇಳಿಕೊಡಂಗಿಲ್ಲ!" ಹುಡುಗಿಯ ಸ್ವರ ಗಟ್ಟಿಯಾಯಿತು. ಖಾತೆ ನನ್ನದಲ್ಲ ಎಂದು ಅವಳಿಗೆ ಸಂಶಯ ಬಂತು. ಹರಿಣಾಕ್ಷಿ ಮುಂದೆ ಬಂದು ಕೈಮುಗಿದು ವಿಷಯ ಹೇಳಿದಳು. ಹುಡುಗಿ ನಕ್ಕಳು.

"ಅಯ್ಯ, ನಮ್ಮವ್ವನೂ ಹಂಗ. ಆದ್ರ ನಮ್ಮ ಕಡೆ ಒಡಪು ಕಟ್ಟಿ ಅದರಾಗ ಗಂಡನ ಹೆಸರು ಹೇಳ್ತಾರ್ರೀ. ನಿಮ್ಮ ಕಡೆ ಒಡಪು ಇಲ್ಲೇನು?"

"ಇಲ್ಲ" ಎಂದೆ.

"ನಾ ಫೇಲ್ ಅಂತ ಹಾಕಿದ್ರ ನಿಮ್ಮ ಅಂಗಡಿ ಬಂದ್ ಆಗ್ತದ. ಸಿಗ್ನಲ್ ಸಿಗಲಿಲ್ಲ ಅಂತ ಹಾಕ್ತೀನಿ. ಇನ್ನೊಮ್ಮೆ ಕರೆ ಬರ್ತದ. ಅದ ಕಡೀದು. ಅವಾಗ ನಾನ ಇರ್ತೀನಂತ ಹೇಳಾಕ ಬರಂಗಿಲ್ಲ. ಅಷ್ಟರಾಗ ರೂಢಿ ಮಾಡ್ಕೋರಿ ಅಮ್ಮಾ" ಎಂದು ಕರೆ ಮುಗಿಸಿದಳು. ಅವಳ ಹೆಸರು ಕೇಳಲೂ ನನಗೆ ತೋಚಲಿಲ್ಲ. ಎಲ್ಲಿದ್ದರೂ ಅವಳು ಚೆನ್ನಾಗಿರಲಿ.

ಮತ್ತಿನ ದಿನಗಳನ್ನು ಹೇಗೆ ಕಳೆದೆನೋ. ಅಂಗಡಿಯ ಹೆಸರನ್ನೇ ಬದಲಿಸುವ ಎಂದು ಹರಿಣಾಕ್ಷಿ ನೋಡಿದಳು. ಈ ವೀಡಿಯೋ ಕರೆಯ ಪರೀಕ್ಷೆ ಮುಗಿಯುವವರೆಗೆ ಬದಲಿಸಲು ಬಿಡುವುದಿಲ್ಲವಂತೆ. ಹೊಸ ಅಂಗಡಿ ತೆರೆದರೆ ಇಷ್ಟು ವರ್ಷ ಗಿರಾಕಿಗಳು ಬರೆದ ಒಳ್ಳೆಯ ಮಾತೆಲ್ಲ ಹೋಗುತ್ತದೆ. ಕೊನೆಗೆ ನನ್ನನ್ನು ಕೂರಿಸಿಕೊಂಡು ಬುದ್ಧಿ ಹೇಳಿದಳು.

"ಮಾಮಿ, ನಾನು ದಿನಕ್ಕೆ ಎಷ್ಟು ಸಲ ನವೀನ್, ನವೀನ್ ಅಂತ ಬೊಬ್ಬೆ ಹೊಡೆಯುತ್ತೇನೆ. ಅವರಿಗೆ ಎಂತ ಆಗಿದೆ? ಹೊಟ್ಟೆ ಮಾತ್ರ ಮುಂದೆ ಬಂದಿದೆ!"

ನಗು ಬಂತು. ಸ್ವರ ಮಾತ್ರ ಬರಲಿಲ್ಲ. ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಪ್ರಯತ್ನ ಮಾಡಿದೆ. ಪಾತ್ರೆ ತೊಳೆಯುತ್ತಾ ಪ್ರಯತ್ನ ಮಾಡಿದೆ. 'ಕಾ' ಎನ್ನುವಲ್ಲಿಗೆ ಗಂಟಲು ಕಟ್ಟುತ್ತಿತ್ತು. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಂದು ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಊಟಕ್ಕೆ ಕೂತ ನವೀನ ಬರೀ ಮಜ್ಜಿಗೆಯಲ್ಲಿ ಉಂಡು ಎದ್ದ.

ಬೀಫಾತುಮ್ಮ ದಿನಾ ಬಂದು ಡಬ್ಬಿಗಳ ಪಕ್ಕ ಕೂರುತ್ತಿದ್ದಳು. "ನನ್ನನ್ನು ಕೂರಿಸಿದ್ದರೆ ನಿಮ್ಮ ಗಂಡನ ಹೆಸರು ನೂರು ಸಲ ಹೇಳುತ್ತಿದ್ದೆ ಗಿರಿಜಕ್ಕ. ನನ್ನ ಗಂಡನದ್ದು ಮಾತ್ರ ಕೇಳಬೇಡಿ ಮಾರಾಯ್ತಿ!" ಎಂದು ನಗಿಸುತ್ತಿದ್ದಳು. ಕರೆಯ ಮುನ್ನಾದಿನ ಮಾತ್ರ ಅವಳು ನಗಲಿಲ್ಲ.

"ಹೆಸರು ಹೇಳಿದರೆ ಆಯುಷ್ಯ ಕಡಿಮೆ ಆಗ್ತದೆ ಅಂತಲ್ಲವಾ ಹೇಳುವುದು? ಇನ್ನು ಕಡಿಮೆ ಆಗ್ಲಿಕ್ಕೆ ಎಂತ ಉಂಟು ಗಿರಿಜಕ್ಕ?"

ಹೇಳಿದ ಕೂಡಲೇ ನಾಲಗೆ ಕಚ್ಚಿಕೊಂಡು ನನ್ನ ಕೈ ಹಿಡಿದಳು. ನನಗೆ ಸಿಟ್ಟು ಬರಲಿಲ್ಲ. ಅವಳು ಹೇಳಿದ್ದು ಸರಿಯೇ. ಆದರೆ ಅಷ್ಟು ದಿನ ನನ್ನ ಗಂಟಲನ್ನು ಹಿಡಿದಿದ್ದದ್ದು ಏನೆಂದು ಆಗ ಗೊತ್ತಾಯಿತು. ಹೆಸರು ಹೇಳದೆ ಇರುವವರೆಗೆ, ಅವರ ಆಯುಷ್ಯವನ್ನು ಕಾಯುವ ಕೆಲಸ ನನಗೆ ಇನ್ನೂ ಇತ್ತು. ಹೇಳಿದರೆ ಆ ಕೆಲಸವೂ ಮುಗಿಯಿತು.

ಎರಡನೆಯ ಕರೆಗೆ ಬಂದವನು ಒಬ್ಬ ಯುವಕ. ಅವನಿಗೆ ತುಂಬ ಅವಸರ. ಇನ್ನೆಷ್ಟು ಕರೆ ಬಾಕಿ ಇತ್ತೋ ಪಾಪ. ನನ್ನ ಮುಖವನ್ನೂ ಸರಿಯಾಗಿ ನೋಡಲಿಲ್ಲ. "ಹೆಸರು ಹೇಳಿ" ಎಂದ, ಹೇಳಿದೆ. "ಅಂಗಡಿ ಹೆಸರು ಹೇಳಿ" ಎಂದ.

ಹರಿಣಾಕ್ಷಿ ಬಾಗಿಲ ಹಿಂದೆ ನಿಂತಿದ್ದಳು. ಅಂಗಳದಲ್ಲಿ ಬೀಫಾತುಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಪರದೆಯ ಮೂಲೆಯಲ್ಲಿ ನನ್ನ ಮುಖ ಚಿಕ್ಕದಾಗಿ ಕಾಣುತ್ತಿತ್ತು.

"ಬೇಗ ಹೇಳಿ ಅಮ್ಮ, ಇಲ್ಲಾಂದ್ರೆ ಕಟ್ ಮಾಡ್ತೀನಿ."

"ಕಾಂತಪ್ಪ" ಎಂದೆ. ಸ್ವರ ನನ್ನದೆಂದು ನನಗೇ ಅನ್ನಿಸಲಿಲ್ಲ. "ಕಾಂತಪ್ಪಣ್ಣನ ಹಪ್ಪಳ."

"ಓಕೆ, ಆಯ್ತು" ಎಂದ. ಪರದೆ ಕಪ್ಪಾಯಿತು. ಅಷ್ಟೇ.

ಹರಿಣಾಕ್ಷಿ ಓಡಿಬಂದು ನನ್ನನ್ನು ಅಪ್ಪಿಕೊಂಡಳು. ಬೀಫಾತುಮ್ಮ ಅಂಗಳದಿಂದಲೇ "ಗೆದ್ದಿರಿ ಗಿರಿಜಕ್ಕ!" ಎಂದು ಕೂಗಿದಳು. ಸಂಜೆಯ ಹೊತ್ತಿಗೆ ಅಂಗಡಿ ಮತ್ತೆ ತೆರೆಯಿತು, ಆರ್ಡರ್ ಬರತೊಡಗಿತು. ಮಳೆಗಾಲ ಮುಗಿಯುವಷ್ಟರಲ್ಲಿ ಡಬ್ಬಿಗಳೆಲ್ಲ ಖಾಲಿ. ಬೀಫಾತುಮ್ಮನ ಪಾಲೂ ಅವಳ ಕೈ ಸೇರಿತು. ಆ ಒಂದು ಮಾತು ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಅದನ್ನು ನೀವು ತಿಳಿದಿರಬೇಕು.

ಆದರೂ ಸಮಾಧಾನ ಇಲ್ಲ, ಮಕ್ಕಳೇ. ನಿಯಮ ಮಾಡುವವರಿಗೆ ನಮ್ಮ ಮೇಲೆ ದ್ವೇಷವೇನೂ ಇರಲಿಕ್ಕಿಲ್ಲ. ಎಲ್ಲಿಯೋ ಕೂತು, ಎಲ್ಲರಿಗೂ ಒಂದೇ ಎಂದು ಒಂದು ಸಾಲು ಬರೆದಿರುತ್ತಾರೆ. ಆ ಸಾಲು ಇಲ್ಲಿಯವರೆಗೆ ಬಂದು ಯಾರ ಗಂಟಲಿಗೆ ಕೈ ಹಾಕುತ್ತದೆ ಎಂದು ಅವರಿಗೆ ಗೊತ್ತಿರುವುದಿಲ್ಲ. ಮುಂದಿನ ಸಲ ಏನು ಕೇಳುತ್ತಾರೋ ಎಂದು ಈಗಲೂ ಫೋನು ಸದ್ದಾದರೆ ಕೈಯಲ್ಲಿದ್ದ ಕೆಲಸ ನಿಂತುಹೋಗುತ್ತದೆ.

ಇನ್ನೊಂದು ಉಂಟು. ಸಂಸಾರ ಮಾಡಿದಷ್ಟು ವರ್ಷವೂ ನಾನು ಅವರನ್ನು ಹೆಸರು ಹಿಡಿದು ಕರೆದವಳಲ್ಲ. ಅವರ ಹೆಸರು ನನ್ನ ಸ್ವರದಲ್ಲಿ ಹೇಗೆ ಕೇಳಿಸುತ್ತದೆ ಎಂದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ಯಾವುದೋ ಊರಿನ ಆ ಹುಡುಗನಿಗೆ. ಅವನು ಅದನ್ನು ಕೇಳಿ, ಸರಿ ಎಂದು ಗುರುತು ಹಾಕಿ, ಮುಂದಿನ ಕರೆಗೆ ಹೋದ.