ಕಾಗದದೊಳಗಿನ ಸೇವಂತಿಗೆ

ನನಗೆ ಕಲಿಸುವ ಚಟ ಸ್ವಲ್ಪ ಜಾಸ್ತಿ. ಕುವೈತಿನ ಸಾಲ್ಮಿಯಾದ ಒಂದು ಶಾಲೆಯ ಆಫೀಸಿನಲ್ಲಿ ಕೂತು ಕೂತು ಬಂದದ್ದೋ ಏನೋ. ನಾನು ಬಾಯಿ ತೆರೆಯುವ ಮೊದಲೇ ಗಂಡ "ಆಯ್ತು ಟೀಚರ್" ಅನ್ನುತ್ತಾರೆ, ನಾನು ಟೀಚರ್ ಅಲ್ಲದಿದ್ದರೂ. ಹೋದ ವರ್ಷ ಮಾಂಯ್ ವಿಸಿಟ್ ವೀಸಾದಲ್ಲಿ ಬಂದಾಗ ನನ್ನ ಪಾಠ ಕೇಳಲಿಕ್ಕೆ ಇನ್ನೊಬ್ಬರು ಸಿಕ್ಕಿದ ಹಾಗಾಯಿತು. ಮಾಂಯ್ ಅಂದರೆ ನಮ್ಮ ಕೊಂಕಣಿಯಲ್ಲಿ ಅಮ್ಮ.

ಅವಳು ಬಂದದ್ದು ತಪಸ್ಸುಕಾಲದಲ್ಲಿ, ಈಸ್ಟರಿಗೆ ಮೊದಲಿನ ಆ ನಲವತ್ತು ದಿನಗಳಲ್ಲಿ. ಮೀನಿಲ್ಲ, ಮಾಂಸವಿಲ್ಲ, ಸಿಹಿಯನ್ನಂತೂ ನಾಲಗೆಗೆ ತಾಗಿಸುವುದಿಲ್ಲ. ಮೂರು ಹೊತ್ತೂ ಗಂಜಿ, ಉಪ್ಪಿನಕಾಯಿ, ಕೈಯಲ್ಲಿ ಜಪಸರ. ಎಷ್ಟೋ ವರ್ಷ ಕಾದು ಕರೆಸಿಕೊಂಡ ಅಮ್ಮನಿಗೆ ಒಂದು ಒಳ್ಳೆಯ ಊಟ ಹಾಕಲಿಕ್ಕಾಗುವುದಿಲ್ಲವಲ್ಲ ಅಂತ ನನಗೆ ಮೈಯೆಲ್ಲ ಉರಿ. ಆಗಲೇ ನಮ್ಮ ಶಾಲೆಯ ಇಂಗ್ಲೆಂಡಿನ ಟೀಚರೊಬ್ಬರು ತಮ್ಮ ಕಡೆಯ ಒಂದು ಹಬ್ಬದ ವಿಷಯ ಹೇಳಿದ್ದು.

ತಪಸ್ಸುಕಾಲದ ನಾಲ್ಕನೇ ಭಾನುವಾರ ಅವರಲ್ಲಿ ಅಮ್ಮಂದಿರ ಭಾನುವಾರವಂತೆ. ಹಿಂದೆ ಆ ದಿನ ಜನ ತಮಗೆ ಜ್ಞಾನಸ್ನಾನ ಆದ ಊರಿನ ಇಗರ್ಜಿಗೆ, ಅಂದರೆ ಚರ್ಚಿಗೆ, ಅವರು ತಾಯಿ ಇಗರ್ಜಿ ಅನ್ನುವುದು, ಅಲ್ಲಿಗೆ ಹೋಗುತ್ತಿದ್ದರು. ದೊಡ್ಡವರ ಮನೆಗಳಲ್ಲಿ ಕೆಲಸಕ್ಕಿದ್ದ ಹುಡುಗಿಯರಿಗೂ ಅದಕ್ಕಾಗಿ ರಜೆ ಸಿಗುತ್ತಿತ್ತು. ಊರಿಗೆ ಹೋದವರು ಹೆತ್ತವಳನ್ನು ನೋಡದೆ ಬರುತ್ತಾರಾ? ದಾರಿಯಲ್ಲಿ ಸಿಕ್ಕಿದ ಹೂ ಕೊಯ್ದುಕೊಂಡು, ಕೆಲವರು ಸಿಮ್ನೆಲ್ ಅನ್ನುವ ಕೇಕನ್ನೂ ಹಿಡಿದುಕೊಂಡು ಹೋಗುತ್ತಿದ್ದರಂತೆ. ಆ ಒಂದು ದಿನ ಉಪವಾಸಕ್ಕೂ ಸ್ವಲ್ಪ ಸಡಿಲು. ಕರಾವಳಿಯ ಕಥೋಲಿಕರಾದ ನಮಗೆ ತಾಯಿಯ ಹಬ್ಬ ಅಂದರೆ ಸೆಪ್ಟೆಂಬರಿನ ಮೊಂತಿ ಹಬ್ಬ. ಮಾತೆ ಮರಿಯಮ್ಮನ ಹುಟ್ಟಿದ ದಿನ ಅದು. ಒಂಬತ್ತು ದಿನ ಮಕ್ಕಳು ಹೂ ತಂದು ಹಾಕುವುದು, ಹೊಸ ತೆನೆ ಮನೆಗೆ ತರುವುದು. ಹೆತ್ತ ಅಮ್ಮನಿಗೇ ಹೂ ಕೊಡುವ ಈ ಹಬ್ಬ ನನಗೆ ಹಿಡಿಸಿತು. ಸುಳ್ಳು ಯಾಕೆ, ಆ ಸಡಿಲು ಅನ್ನುವ ಮಾತು ಅದಕ್ಕಿಂತ ಹೆಚ್ಚು ಹಿಡಿಸಿತು.

ಗುರುವಾರ ಸಂಜೆ ಸಿಮ್ನೆಲ್ ಕೇಕನ್ನು ಓವನಿಗಿಟ್ಟು, ಅದರ ಮೇಲಿನ ಉಂಡೆಗೆ ಬಾದಾಮಿ, ಸಕ್ಕರೆ ರುಬ್ಬಿ ಮಾರ್ಜಿಪಾನಿನ ಹಿಟ್ಟು ಮಾಡಿ ಮಾಂಯ್ ಎದುರು ಇಟ್ಟೆ. ಶಾಲೆಯ ಪ್ರಿಂಟರಿನಲ್ಲಿ ತೆಗೆದ ಕೇಕಿನ ಹಾಳೆ ನನ್ನ ಕೈಯಲ್ಲಿ. ಪಾಠ ಶುರು ಮಾಡಿದೆ. ಕುವೈತಿನಲ್ಲಿ ಭಾನುವಾರ ಆಫೀಸು ಇರುತ್ತದೆ, ಆದ್ದರಿಂದ ಇಲ್ಲಿ ಇಗರ್ಜಿಯ ಭಾನುವಾರ ಬರುವುದೇ ಶುಕ್ರವಾರ, ಅದಕ್ಕೇ ಈ ಹಬ್ಬ ನಾಳೆ ಅಂತ ಬಿಡಿಸಿ ಬಿಡಿಸಿ ಹೇಳಿದೆ.

"ಗೊತ್ತುಂಟು ಮಾರಾಯ್ತಿ," ಅಂದಳು. "ಹನ್ನೆರಡು ವರ್ಷ ಇಲ್ಲೇ ಇದ್ದೆನಲ್ಲ."

ಹೌದು, ಇದ್ದಳು. ನನಗೆ ಅದು ಮರೆತುಹೋಗುತ್ತದೆ, ಅಥವಾ ನಾನೇ ಮರೆಯುತ್ತೇನೆ. ಅಪ್ಪ ತೀರಿಹೋದಾಗ ನನಗೆ ಆರು ವರ್ಷ. ನನ್ನನ್ನು ಅಜ್ಜಿಯ ಹತ್ತಿರ ಬಿಟ್ಟು ಮಾಂಯ್ ಕುವೈತಿಗೆ ಬಂದಳು, ಇದೇ ಸಾಲ್ಮಿಯಾದಲ್ಲಿ ಒಬ್ಬ ಇಂಗ್ಲಿಷ್ ಮೇಡಮ್ಮಿನ ಮನೆಗೆಲಸಕ್ಕೆ. ನೆರೆಕರೆಯವರಿಗೆ ನಾನು ಹೇಳುವುದು "ಅಮ್ಮ ಮೊದಲು ಇಲ್ಲಿ ಕೆಲಸದಲ್ಲಿದ್ದರು" ಅಂತ ಮಾತ್ರ. ಎಂತ ಕೆಲಸ ಅಂತ ಅವರು ಕೇಳುವುದಿಲ್ಲ, ನಾನೂ ಬಾಯಿ ಬಿಡುವುದಿಲ್ಲ.

ಕೇಕಿನ ಮೇಲೆ ಎಷ್ಟು ಉಂಡೆ ಇಡಬೇಕು ಅಂತ ನಾನು ಹಾಳೆಯಲ್ಲಿ ಹುಡುಕುವಷ್ಟರಲ್ಲಿ ಮಾಂಯ್ ಉಂಡೆ ಕಟ್ಟಿ ಮುಗಿಸಿದ್ದಳು. ನೆಲ್ಲಿಕಾಯಿ ಗಾತ್ರ, ಒಂದಕ್ಕಿಂತ ಒಂದು ಹೆಚ್ಚಿಲ್ಲ ಕಡಿಮೆಯಿಲ್ಲ. ಬೆರಳನ್ನು ನೆಕ್ಕಲಿಲ್ಲ, ನಲ್ಲಿಯ ಅಡಿಗೆ ಹಿಡಿದು ತೊಳೆದಳು. ತಟ್ಟೆ ನೋಡಿದೆ. ಹನ್ನೊಂದು. ನನ್ನ ಹಾಳೆಯಲ್ಲಿಯೂ ಹನ್ನೊಂದೇ.

ನಿನಗೆ ಹೇಗೆ ಗೊತ್ತು ಅಂತ ಕೇಳಿದರೆ, ಯೇಸುವಿನ ಹನ್ನೆರಡು ಶಿಷ್ಯರಲ್ಲಿ ದ್ರೋಹ ಮಾಡಿದ ಯೂದನಿಗೆ ಇಲ್ಲವಲ್ಲ ಅಂದಳು. ಮೇಡಮ್ ಪ್ರತಿ ವರ್ಷ ಅವಳ ಕೈಯಲ್ಲೇ ಮಾಡಿಸುತ್ತಿದ್ದರಂತೆ. ನನ್ನ ಮುಖ ಹೇಗಾಗಿರಬೇಡ, ಹಾಳೆಯನ್ನು ಮಡಚಿ ಡ್ರಾಯರಿಗೆ ಹಾಕಿದೆ.

ಮಿಕ್ಸಿಯ ಜಾರ್ ತೊಳೆಯುತ್ತಾ ಮಾಂಯ್ ತಾನಾಗಿ ಹೇಳತೊಡಗಿದಳು. ಹಿಂದಿನ ಕಾಲದಲ್ಲಿ ಈ ದಿನ ನಿಮ್ಮಂಥವರನ್ನು ಮನೆಗೆ ಕಳಿಸುತ್ತಿದ್ದರು ಅಂತ ಮೇಡಮ್ ಬಹಳ ಪ್ರೀತಿಯಿಂದ ಹೇಳುತ್ತಿದ್ದರಂತೆ. ಹಾಗಾದರೆ ನನ್ನನ್ನೂ ಕಳಿಸಿ ಅಂತ ಇವಳ ಬಾಯಿತನಕ ಬಂದದ್ದುಂಟು. ಆದರೆ ಪಾಸ್‌ಪೋರ್ಟ್ ವೀಸಾ ಕೊಡಿಸಿದ ಕಫೀಲನ ಹತ್ತಿರ, ಊರಿಗೆ ಹೋಗುವುದು ಎರಡು ವರ್ಷಕ್ಕೊಮ್ಮೆ. ಮೇಡಮ್ ಕೆಟ್ಟವರಲ್ಲ. ತಮ್ಮ ಜೊತೆ ತಮ್ಮ ಇಂಗ್ಲಿಷ್ ಪ್ರಾರ್ಥನೆಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಮಕ್ಕಳು ಸಾಲಾಗಿ ಹೋಗಿ ಹೂ ತೆಗೆದುಕೊಂಡು ಬಂದು ಅವರವರ ಅಮ್ಮಂದಿರಿಗೆ ಕೊಡುವ ಕ್ರಮ. ಹಿಂದಿನ ಬೆಂಚಿನಲ್ಲಿ ಕೂತ ಇವಳಂಥ ಆಯಾಗಳಿಗೂ ಯಾವುದಾದರೂ ಮಗು ಬಂದು ಒಂದು ಹೂ ಕೊಡುತ್ತಿತ್ತು. ಹಳದಿ ಸೇವಂತಿಗೆ.

ನಾನು ಅವಳ ಕಡೆ ತಿರುಗಿದೆ.

"ಬೇರೆಯವರ ಮಗು ಕೊಟ್ಟ ಹೂ ನನ್ನದು ಹೇಗಾಗ್ತದೆ?" ಅಂದಳು ಮಾಂಯ್. "ಅದಕ್ಕೆ ಒಣಗಿಸಿ ನಿನಗೆ ಕಳಿಸುತ್ತಿದ್ದದ್ದು. ನಾನು ಊರಿಗೆ ಬಂದಾಗ ನಿನ್ನ ಕೈಯಿಂದ ತಗೊಳ್ಳುವ ಅಂತ."

ಪ್ರತಿ ವರ್ಷ ಈಸ್ಟರಿನ ಸುತ್ತಮುತ್ತ ಆ ಕಾಗದ ಬರುತ್ತಿತ್ತು. ಬಿಡಿಸಿದರೆ ಚಪ್ಪಟೆಯಾದ ಹಳದಿ ಹೂ, ಎಸಳು ಉದುರಿ ನೆಲದ ಮೇಲೆ. "ಇದನ್ನು ಜಾಗ್ರತೆ ಇಡು" ಅಂತ ಒಂದು ಸಾಲು, ಯಾಕೆ ಅಂತ ಇಲ್ಲ. ನಮ್ಮ ಕ್ಲಾಸಿನಲ್ಲಿ ಗಲ್ಫಿನಲ್ಲಿ ಅಪ್ಪ ಇದ್ದವರು ಬೇಕಾದಷ್ಟು ಮಂದಿ, ಅಮ್ಮ ಇದ್ದವಳು ನಾನೊಬ್ಬಳೇ. ನಿನ್ನ ಅಮ್ಮ ಅಲ್ಲಿ ಪಾತ್ರೆ ತೊಳೆಯುವುದಾ ಅಂತ ಕೇಳಿ ನಗುತ್ತಿದ್ದರು. ಆ ಸಿಟ್ಟೆಲ್ಲ ನಾನು ಹೂವಿನ ಮೇಲೆ ತೀರಿಸಿಕೊಂಡೆ. ಒಂದೊಂದನ್ನೂ ಒಯ್ದು ಬಚ್ಚಲ ಒಲೆಗೆ ಹಾಕಿದೆ. ಮೊಂತಿ ಹಬ್ಬದಲ್ಲಿ ಮರಿಯಮ್ಮನಿಗೆ ಬುಟ್ಟಿ ತುಂಬ ಹೂ ಕೊಯ್ಯುತ್ತಿದ್ದವಳೂ ನಾನೇ. ಅಜ್ಜಿ ನೋಡುತ್ತಿದ್ದರು. ಬೈಯಲಿಲ್ಲ. ಮಾಂಯ್ ರಜೆಯಲ್ಲಿ ಬಂದಾಗ ನಾನು ಎರಡು ದಿನ ಅಜ್ಜಿಯ ಸೆರಗು ಬಿಡುತ್ತಿರಲಿಲ್ಲ, ಅವಳೂ ಹೂವಿನ ವಿಷಯ ಎತ್ತಲಿಲ್ಲ.

ಈಗ ಅವಳು ಜಾರ್ ಒರೆಸಿ ಕವುಚಿ ಹಾಕುತ್ತಿದ್ದಳು. ಆ ಹೂಗಳು ಎಲ್ಲಿ ಅಂತ ಈ ಹೊತ್ತಿಗಾದರೂ ಕೇಳುತ್ತಾಳೆ ಅಂತ ನಾನು ಕಾಯುತ್ತಾ ನಿಂತಿದ್ದೆ. ಎಲ್ಲೋ ಇಟ್ಟಿದ್ದೇನೆ ಅಂತ ಒಂದು ಸುಳ್ಳು ಹೇಳಿದರೆ ಮುಗಿಯಿತು, ಖಲಾಸ್. ಅರುವತ್ತಾರು ವರ್ಷದ ಹೆಂಗಸನ್ನು ನೋಯಿಸಿ ಸಿಗುವುದೇನು? ಆದರೆ ಅವಳು ಕೇಳಲಿಲ್ಲ. ಕೇಕ್ ಬೆಂದಿತಾ ನೋಡು ಅಂದಳು. ನಾನು ಓವನಿನ ಎದುರು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿ ನಿಂತೆ.

ಶುಕ್ರವಾರ ನಮ್ಮ ಇಗರ್ಜಿಯ ಪೂಜೆ ಮುಗಿಸಿ ಅವಳನ್ನು ಆ ಇಂಗ್ಲಿಷ್ ಪ್ರಾರ್ಥನೆಗೆ ಕರೆದುಕೊಂಡು ಹೋದೆ. ಮುಂದೆ ಜಾಗ ಇತ್ತು. ಆದರೂ ಅವಳು ಸೀದಾ ಹೋಗಿ ಹಿಂದಿನ ಬೆಂಚಿನಲ್ಲೇ ಕೂತಳು. ಮಕ್ಕಳನ್ನು ಹೂವಿಗೆ ಕರೆದಾಗ ನಾನೂ ಎದ್ದೆ. ನನ್ನ ಮುಂದೆ ಐದಾರು ವರ್ಷದ ಒಬ್ಬಳು ಹುಡುಗಿ, ಹಿಂದೆ ಇನ್ನೂ ಸಣ್ಣವರು, ನಡುವೆ ನಲವತ್ತರ ಹತ್ತಿರದ ನಾನು. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಬುಟ್ಟಿ ಹಿಡಿದ ಹೆಂಗಸು ನಿಮ್ಮ ಮಗು ಎಲ್ಲಿ ಅಂತ ಕೇಳಿದರು. ಮಗು ನಾನೇ, ಅಮ್ಮ ಅಲ್ಲಿದ್ದಾಳೆ ಅಂದೆ. ಅವರು ಹಿಂದಿನ ಬೆಂಚಿನ ಕಡೆ ನೋಡಿ ಒಂದು ದೊಡ್ಡ ಹೂವನ್ನೇ ಆರಿಸಿ ಕೊಟ್ಟರು. ಈಗಲೂ ಹಳದಿ ಸೇವಂತಿಗೆಯೇ.

ಮಾಂಯ್ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಅದನ್ನು ನೋಡಿ ನನಗೆ ತಡೆಯಲಿಕ್ಕಾಗಲಿಲ್ಲ. ಅವಳ ಪಕ್ಕ ಕೂತು, ನೀನು ಕಳಿಸಿದ್ದರಲ್ಲಿ ಒಂದು ಹೂವೂ ಉಳಿದಿಲ್ಲ, ಎಲ್ಲವನ್ನೂ ಬಚ್ಚಲ ಒಲೆಗೆ ಹಾಕಿದ್ದೆ ಅಂತ ಹೇಳಿಬಿಟ್ಟೆ.

"ಗೊತ್ತುಂಟು," ಅಂದಳು. "ನಿನ್ನ ಅಜ್ಜಿ ಮೊದಲ ವರ್ಷವೇ ಕಾಗದದಲ್ಲಿ ಬರೆಸಿದ್ದರು."

"ಮತ್ತೆ ಯಾಕೆ ಪ್ರತಿ ವರ್ಷ ಕಳಿಸಿದ್ದು ಮಾಂಯ್?"

ಅವಳು ಹೂವನ್ನು ಪ್ರಾರ್ಥನೆ ಪುಸ್ತಕದೊಳಗೆ ಇಟ್ಟು, ಹೊರಗೆ ಉಳಿದ ಒಂದು ಎಸಳನ್ನು ಬೆರಳಿನಿಂದ ಒಳಗೆ ಸೇರಿಸಿದಳು.

"ಒಲೆಗೆ ಹಾಕಲಿಕ್ಕಾದರೂ ನೀನು ಒಮ್ಮೆ ಅದನ್ನು ಕೈಯಲ್ಲಿ ಹಿಡಿಯಬೇಕಲ್ಲ."